ಗ್ಯಾಸ್ಟ್ರಿಕ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲೇ ಯಾಕೆ?

ಬದಿಯಡ್ಕ, ಕುಂಬಳೆ ಕಡೆಯ ಮನೆಗಳಲ್ಲಿ ಬೆಳಗ್ಗಿನ ಮಾತ್ರೆಗಳೆಲ್ಲ ನೀರುದೋಸೆ ತಿಂದಾದ ಮೇಲೆ ಒಂದೇ ಗುಟುಕಿಗೆ ಹೊಟ್ಟೆ ಸೇರುವುದುಂಟು. ಗ್ಯಾಸ್ಟ್ರಿಕ್‌ನ ಪ್ಯಾಂಟೊಪ್ರಜೋಲ್, ಹೃದಯದ ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ, ಬಿಪಿಯ ಎನಲಾಪ್ರಿಲ್ ಈ ನಾಲ್ಕೂ ದೇಹದ ಒಂದೊಂದು ಕಿಣ್ವವನ್ನು ತಡೆದು ಕೆಲಸ ಮಾಡುವಂಥವು. ಮೊದಲೆರಡು ಕಿಣ್ವವನ್ನು ಕಾಯಂ ಕೆಡಿಸುತ್ತವೆ. ದೇಹ ಹೊಸತನ್ನು ಮಾಡಿಕೊಳ್ಳುವವರೆಗೂ ಅವುಗಳ ಪರಿಣಾಮ ಉಳಿಯುತ್ತದೆ. ಉಳಿದೆರಡರ ಹಿಡಿತ ರಕ್ತದಲ್ಲಿ ಮದ್ದು ಇಳಿದಂತೆ ಸಡಿಲವಾಗುತ್ತದೆ. ನುಂಗುವ ಹೊತ್ತಿನ ಲೆಕ್ಕ ಬರುವುದು ಇಲ್ಲಿಂದ.

ಮೊದಲು ಸ್ಟ್ರಿಪ್ಪಿನ ಹಿಂಬದಿ ಓದಿ. ಚೀಟಿ ಮಂಗಳೂರಿನ ಡಾಕ್ಟರದ್ದು, ಮದ್ದು ಊರಿನ ಮೆಡಿಕಲ್ಲಿನದ್ದು ಎಂದಾದರೆ ಕಂಪೆನಿಯ ಹೆಸರು ಬೇರೆ ಇರಬಹುದು. ಮದ್ದಿನ ಮೂಲ ಹೆಸರಿನ ಬಾಲ ನೋಡಿ: ಪ್ರಜೋಲ್, ಸ್ಟಾಟಿನ್, ಪ್ರಿಲ್.

ಪ್ರಜೋಲ್ ಇದ್ದರೆ ಹೊತ್ತು ತಪ್ಪಬಾರದು. ಹೊಟ್ಟೆಯಲ್ಲಿ ಆಮ್ಲ ಸುರಿಸುವ ಕಿಣ್ವಕ್ಕೆ ಪ್ರೋಟಾನ್ ಪಂಪ್ ಎಂದು ಹೆಸರು. ಹಸಿದಿರುವಾಗ ಹೆಚ್ಚಿನ ಪಂಪುಗಳು ಕೋಶದೊಳಗೆ ಸುಮ್ಮನಿರುತ್ತವೆ, ತಿಂಡಿ ಬಿದ್ದೊಡನೆ ಮೇಲೆ ಬಂದು ಚಾಲೂ ಆಗುತ್ತವೆ. ಮದ್ದು ಕರುಳಿನಲ್ಲಿ ಕರಗಿ, ರಕ್ತದಲ್ಲಿ ಬಂದು, ಪಂಪು ಸುರಿಸುವ ಆಮ್ಲದಲ್ಲೇ ರೂಪ ಬದಲಿಸಿಕೊಂಡು ಪಂಪಿಗೆ ಕಚ್ಚಿಕೊಳ್ಳುತ್ತದೆ. ಅಂದರೆ ಓಡುವ ಪಂಪು ಮಾತ್ರ ಅದರ ಕೈಗೆ ಸಿಗುತ್ತದೆ. ರಕ್ತದಲ್ಲೋ ಸುಮಾರು 1 ಗಂಟೆಗೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ, 30ರಿಂದ 60 ನಿಮಿಷದೊಳಗೆ ತಿಂಡಿ ತಿನ್ನಿ. ಮಾತ್ರೆ ನುಂಗಿ, ಬರೀ ಚಾ ಕುಡಿದು ಹತ್ತು ಗಂಟೆಯವರೆಗೆ ಅಡಿಕೆ ತೋಟದಲ್ಲಿದ್ದರೆ ಅರ್ಧ ಮದ್ದು ದಂಡ. ಮಾತ್ರೆಯನ್ನು ಪುಡಿ ಮಾಡಬೇಡಿ. ಹೊರಪದರ ಹೋದರೆ ಹೊಟ್ಟೆಯ ಆಮ್ಲವೇ ಅದನ್ನು ಕೆಡಿಸಿಬಿಡುತ್ತದೆ. ಮೊದಲ ದಿನ ಎಲ್ಲ ಪಂಪುಗಳೂ ಸಿಗುವುದಿಲ್ಲ. ಪೂರ್ತಿ ಗುಣ ಕಾಣಲು ಮೂರು ನಾಲ್ಕು ದಿನ ಬೇಕು, ಎರಡೆರಡು ನುಂಗಿ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ತಿಂದು ತಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಬರುವುದುಂಟು. ಬಿಡುವ ಕ್ರಮವನ್ನು ಡಾಕ್ಟರರಲ್ಲೇ ಕೇಳಿ. ವರ್ಷಗಟ್ಟಲೆ ತಿನ್ನುವವರಿಗೆ ಬಿ12 ಕಡಿಮೆಯಾಗಬಹುದು.

75 ಮಿಲಿಗ್ರಾಂ ಆಸ್ಪಿರಿನ್ ಕೆಡಿಸುವುದು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್ಲೆಟ್ಟುಗಳಲ್ಲಿರುವ ಕಾಕ್ಸ್-1 ಕಿಣ್ವವನ್ನು. ಪ್ಲೇಟ್ಲೆಟ್ಟಿಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ಅದರ ಆಯುಸ್ಸಾದ 7ರಿಂದ 10 ದಿನವೂ ಹಾಗೆಯೇ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಎಷ್ಟೋ ದಿನ ಮೊದಲೇ ಆಸ್ಪಿರಿನ್ ವಿಷಯ ಕೇಳುವುದು ಇದಕ್ಕೇ. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸಲಿಕ್ಕೆಂದು ತಾವಾಗಿಯೇ ನಿಲ್ಲಿಸುವುದು ಮಾತ್ರ ಅಪಾಯ.

ಇಲ್ಲಿ ಇನ್ನೊಂದು ತೊಡಕಿದೆ. ಮೈಕೈ ನೋವಿಗೆಂದು ಕೊಳ್ಳುವ ಐಬುಪ್ರೊಫೆನ್ ಕೂಡ ಅದೇ ಕಿಣ್ವದಲ್ಲಿ ಹೋಗಿ ಕೂರುತ್ತದೆ, ಆದರೆ ತಾತ್ಕಾಲಿಕವಾಗಿ. ಅದು ಮೊದಲು ಕುಳಿತರೆ ಆಸ್ಪಿರಿನ್‌ಗೆ ಜಾಗವಿಲ್ಲ. ಆಸ್ಪಿರಿನ್ ಅರ್ಧ ಗಂಟೆಯೊಳಗೆ ರಕ್ತದಿಂದ ಬಹುಪಾಲು ಕರಗಿ ಹೋಗುವುದರಿಂದ, ಐಬುಪ್ರೊಫೆನ್ ಎದ್ದು ಹೋಗುವಷ್ಟರಲ್ಲಿ ಕೂರಲು ಅದೇ ಉಳಿದಿರುವುದಿಲ್ಲ. ದಿನವೂ ಆಸ್ಪಿರಿನ್ ತಿನ್ನುವವರು ನೋವಿಗೆ ಪ್ಯಾರಾಸಿಟಮಾಲ್ ಸಾಕೇ ಎಂದು ಡಾಕ್ಟರರಲ್ಲಿ ಕೇಳಿಕೊಳ್ಳುವುದು ಲೇಸು.

ಸ್ಟಾಟಿನ್‌ಗಳು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಕಿಣ್ವವನ್ನು ತಡೆಯುತ್ತವೆ. ಆ ತಯಾರಿ ರಾತ್ರಿ ಹೆಚ್ಚು. ಬೇಗ ಇಳಿದುಹೋಗುವ ಸಿಮ್ವಾಸ್ಟಾಟಿನ್ ರಾತ್ರಿಗೇ ಬೇಕು. ಅಟೋರ್ವಾಸ್ಟಾಟಿನ್ ಯಾವ ಹೊತ್ತಿಗಾದರೂ ಸರಿ.

ಪ್ರಿಲ್ ಮಾತ್ರೆಗಳು ರಕ್ತನಾಳ ಬಿಗಿಯುವ ರಾಸಾಯನಿಕವನ್ನು ತಯಾರಿಸುವ ಕಿಣ್ವವನ್ನು ನಿಲ್ಲಿಸುತ್ತವೆ. ಅದೇ ಕಿಣ್ವ ಬ್ರಾಡಿಕೈನಿನ್ ಎಂಬ ಇನ್ನೊಂದನ್ನು ಒಡೆಯುವುದೂ ಹೌದು. ಆ ಕೆಲಸ ನಿಂತಾಗ ಕೆಲವರಿಗೆ ಕಫವಿಲ್ಲದ ಒಣಕೆಮ್ಮು ಹಿಡಿಯುತ್ತದೆ. ಮಳೆಗಾಲದ ಕೆಮ್ಮೆಂದು ಕಷಾಯ ಕುದಿಸಿ ಕುಡಿದರೆ ಇದು ಬಗ್ಗದು. ಡಾಕ್ಟರರಿಗೆ ಹೇಳಿದರೆ ಸಾರ್ಟಾನ್ ಗುಂಪಿನ ಮಾತ್ರೆಗೆ ಬದಲಿಸುತ್ತಾರೆ. ಕೆಮ್ಮು ಇಳಿಯಲು ಸಾಮಾನ್ಯವಾಗಿ 1ರಿಂದ 4 ವಾರ ಬೇಕು. ತುಟಿ, ನಾಲಗೆ ಊದಿಕೊಂಡರೆ ಮಾತ್ರ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಿ.