ದವಡೆ ಕೀಲು ನೋವಿದ್ದರೆ ನಾಲಿಗೆ ಎಲ್ಲಿಡಬೇಕು?

ಕಿವಿಯ ಮುಂದೆ ದವಡೆ ಕೀಲು ನೋಯುತ್ತಿದ್ದರೆ, ಅಗಿಯುವಾಗ ಟಕ್ ಅಂತಿದ್ದರೆ, ಇಷ್ಟು ಮಾಡಿ: ಮೇಲಿನ ಮುಂದಿನ ಹಲ್ಲುಗಳ ಹಿಂದೆ ಸ್ವಲ್ಪ ಉಬ್ಬಿದ ಜಾಗ ಇದೆಯಲ್ಲ, ನಾಲಿಗೆ ತುದಿಯನ್ನು ಅಲ್ಲಿ ಹಗುರವಾಗಿ ತಾಗಿಸಿಡಿ. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ಮಾತ್ರ ತಾಗಬಾರದು. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಅವು ತಾಗುವ ಅಗತ್ಯವೇ ಇಲ್ಲ. ಆದರೆ ಬೈಕ್ ಓಡಿಸುವಾಗ, ಮೊಬೈಲ್ ನೋಡುವಾಗ ಗೊತ್ತಿಲ್ಲದೆ ಕಚ್ಚಿ ಹಿಡಿದಿರುತ್ತೇವೆ. ಕೆನ್ನೆಯ ಸ್ನಾಯು ಬಿಗಿದು ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಆಕಳಿಕೆ ಬಂದಾಗಲೂ ನಾಲಿಗೆಯನ್ನು ಅಲ್ಲೇ ಒತ್ತಿಡಿ, ಬಾಯಿ ಜಾಸ್ತಿ ತೆರೆಯುವುದಿಲ್ಲ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ 10-15 ನಿಮಿಷ ಕೊಟ್ಟರೆ ಆರಾಮ. ನೋವಿರುವಷ್ಟು ದಿನ ಖಡಕ್ ರೊಟ್ಟಿ, ಕಬ್ಬು ಬೇಡ. ಬಿಸಿ ಮೆತ್ತನೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಿ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇದು ಸಾಲದು, ರಾತ್ರಿ ಹಲ್ಲಿಗೆ ಹಾಕುವ ಗಾರ್ಡ್ (ಕವಚ) ಬೇಕಾಗಬಹುದು. ಊತ, ಜ್ವರ ಇದ್ದರೆ, ಬಾಯಿ ತೆರೆದಲ್ಲೇ ಸಿಕ್ಕಿಕೊಂಡರೆ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ. ಗುಟ್ಕಾ, ಅಡಿಕೆ ಹಾಕುವವರಿಗೆ ಬಾಯಲ್ಲಿ ಮೂರು ಬೆರಳು ಹಿಡಿಯದಿದ್ದರೆ ಕೀಲಿನದ್ದೇ ತೊಂದರೆ ಅಂತ ಸುಮ್ನೆ ಕೂರಬೇಡಿ. ಬಾಯಿಯ ಒಳಪದರ ಗಡುಸಾಗುತ್ತಿರಬಹುದು, ಅದು ಕ್ಯಾನ್ಸರ್‌ಗೂ ತಿರುಗಬಹುದು. ಬಳ್ಳಾರಿಯ ಸರ್ಕಾರಿ ಡೆಂಟಲ್ ಕಾಲೇಜಿನಲ್ಲಿ ತೋರಿಸಬಹುದು. ದವಡೆ ನೋವಿನ ಜೊತೆ ಎದೆ ಹಿಡಿದುಕೊಂಡು ಬೆವರು ಬಂದರೆ ಅದು ಹೃದಯದ್ದಿರಬಹುದು, ತಕ್ಷಣ 108ಕ್ಕೆ ಫೋನ್ ಮಾಡಿ.