ಹತ್ತು ಮೀಟರ್ ಗುರಿಗೆ ಕಡಿಮೆ ಖರ್ಚಿನ ಏರ್ ರೈಫಲ್ ಆರಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆಯ ಬಹಳ ಮಂದಿಗೆ ಬಂದೂಕಿನ ಮೊದಲ ಪರಿಚಯವಾಗುವುದು ಜಾತ್ರೆಯ ಬಲೂನು ಅಂಗಡಿಯಲ್ಲಿ. ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಯಲ್ಲಿ ಒಂದೆರಡು ಬಲೂನು ಒಡೆದ ಖುಷಿಯಲ್ಲಿ, ಮನೆಯಲ್ಲೊಂದು ರೈಫಲ್ ಇಟ್ಟುಕೊಂಡು ಭಾನುವಾರ ಮುಂಜಾನೆ ಕಾಗದದ ಗುರಿಗೆ ಹೊಡೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಹೆಚ್ಚು ದುಡ್ಡಿಲ್ಲದೆ, ಕಾನೂನಿನ ತೊಡಕಿಲ್ಲದೆ ಪೂರೈಸಿಕೊಳ್ಳುವ ದಾರಿಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಳಿಕೆಯ ಒಳತೂತಿನ ಅಳತೆಯನ್ನು ನಿರ್ಧರಿಸಬೇಕು. ಎನ್‌ಸಿಸಿಯಲ್ಲಿದ್ದವರಿಗೆ ಪಾಯಿಂಟ್ ಟೂ ಟೂ ರೈಫಲ್ ಗೊತ್ತಿರುತ್ತದೆ. ಅದು ಮದ್ದಿನ ಬಂದೂಕಾದ್ದರಿಂದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಗುಂಡುಗಳ ಲೆಕ್ಕವನ್ನೂ ಇಡಬೇಕು. ಹವ್ಯಾಸಕ್ಕಾಗಿ ಹೊಡೆಯುವವರಿಗೆ ಈ ಖರ್ಚು ಮತ್ತು ಓಡಾಟ ಅನಗತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ, ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಅಂಗಡಿಯವರು ಪಾಯಿಂಟ್ ಒನ್ ಸೆವೆನ್ ಸೆವೆನ್ ಎನ್ನುವುದು ಈ 4.5 ಮಿ.ಮೀ. ಅಳತೆಯನ್ನೇ. 5.5 ಮಿ.ಮೀ. ಏರ್ ರೈಫಲ್ ಈ ವಿನಾಯಿತಿಯೊಳಗೆ ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು ವೇಗದ ಮಾತು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸೆಕೆಂಡಿಗೆ ಸಾವಿರ ಅಡಿ ಎಂದು ಅಚ್ಚಾಗಿದ್ದರೆ ಹೊಸಬರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಾನೂ ಮೊದಲ ರೈಫಲನ್ನು ಆ ಸಂಖ್ಯೆ ನೋಡಿಯೇ ಕೊಂಡಿದ್ದೆ, ಹತ್ತು ಮೀಟರಿನಿಂದ ಹೊಡೆದ ಐದು ಸಣ್ಣ ಸೀಸದ ಗುಂಡುಗಳು, ಅಂದರೆ ಪೆಲೆಟ್‌ಗಳು ಅಂಗೈಯಗಲಕ್ಕೆ ಚದುರಿ ಬಿದ್ದಾಗ ಬಹಳ ಬೇಸರಪಟ್ಟಿದ್ದೆ. ಲೆಕ್ಕ ಹಾಕಿ ನೋಡಿ: ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸಾವಿರ ಅಡಿ, ಅಂದರೆ ಸುಮಾರು 305 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 23 ಜೂಲ್ ದಾಟುತ್ತದೆ. ಆದ್ದರಿಂದ ಅಂಥ ಸಂಖ್ಯೆ ಬಹಳ ಹಗುರ ಪೆಲೆಟ್‌ನಿಂದ ಬಂದಿರಬೇಕು, ಇಲ್ಲವೇ ರೈಫಲ್ ವಿನಾಯಿತಿಯ ಮಿತಿಯನ್ನು ಮೀರಿರಬೇಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳ ವೇಗ ಸೆಕೆಂಡಿಗೆ 175 ಮೀಟರಿನ ಆಸುಪಾಸಿನದು. ಆ ಸ್ಪರ್ಧೆಯ ಗುರಿಹಾಳೆಯ ಹೊರ ವೃತ್ತದ ವ್ಯಾಸ 45.5 ಮಿ.ಮೀ., ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅಲ್ಲಿಗೆ ಮುಟ್ಟಿಸುವುದು ಒಳ್ಳೆಯ ನಳಿಕೆ, ಮೆದುವಾದ ಟ್ರಿಗರ್ ಮತ್ತು ಸ್ಥಿರವಾದ ಹಿಡಿತ.

ಗಾಳಿಯನ್ನು ಮೊದಲೇ ತುಂಬಿಡುವ ಪಿಸಿಪಿ ರೈಫಲ್‌ಗಳಲ್ಲಿ ಒದೆತ ಬಹಳ ಕಡಿಮೆ. ಆದರೆ ರೈಫಲ್‌ನ ಜೊತೆಗೆ ಪಂಪನ್ನೂ ಕೊಳ್ಳಬೇಕಾಗುವುದರಿಂದ ಕಡಿಮೆ ಖರ್ಚಿನ ಮಾತು ಅಲ್ಲಿಗೆ ಮುಗಿಯುತ್ತದೆ. ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಖರ್ಚು ಇಟ್ಟುಕೊಂಡವರು ನಳಿಕೆಯನ್ನು ಮಡಚಿ ಬಿಗಿಮಾಡುವ ಸ್ಪ್ರಿಂಗ್ ರೈಫಲನ್ನೇ ನೋಡುವುದು ಒಳ್ಳೆಯದು. ನಮ್ಮ ದೇಶದಲ್ಲೇ ಪ್ರೆಸಿಹೋಲ್‌ನಂಥ ಕಂಪನಿಗಳು ಇವನ್ನು ತಯಾರಿಸುತ್ತವೆ, ಬಿಡಿಭಾಗಗಳು ಸಿಗುತ್ತವೆ ಎಂಬುದೂ ಕೊಳ್ಳುವಾಗ ಗಮನಿಸಬೇಕಾದ ಸಂಗತಿ.

ಅಂಗಡಿಯಲ್ಲಿ ಅವಸರ ಮಾಡಬೇಡಿ. ನಳಿಕೆಯನ್ನು ಮಡಚಿ, ಇನ್ನೊಂದು ಕೈಯಿಂದ ಅದನ್ನು ಬಿಡದೆ ಹಿಡಿದುಕೊಂಡೇ ನೋಡಿ, ಏಕೆಂದರೆ ಕೈತಪ್ಪಿ ಅದು ಹಿಂದಕ್ಕೆ ಚಿಮ್ಮಿದರೆ ಬೆರಳು ಜಜ್ಜಿಹೋಗುತ್ತದೆ. ಪೆಲೆಟ್ ಹಾಕಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ನಳಿಕೆಯನ್ನು ಬೆಳಕಿನತ್ತ ಹಿಡಿದು ಹಿಂಬದಿಯ ತೂತಿನಿಂದ ಒಳಗೆ ಕಣ್ಣಾಡಿಸಿ. ಸುರುಳಿಯಾಗಿ ಸಾಗುವ ಗೀರುಗಳು ಕಾಣಬೇಕು. ಪೆಲೆಟ್ ತಿರುಗುತ್ತಾ ನೇರವಾಗಿ ಹೋಗುವುದು ಆ ಗೀರುಗಳಿಂದಲೇ, ಒಳಮೈ ನುಣುಪಾಗಿದ್ದರೆ ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ನಳಿಕೆಯನ್ನು ಮುಚ್ಚಿದ ಮೇಲೆ ಅದರ ತುದಿಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿ, ಕೂದಲೆಳೆಯಷ್ಟೂ ಸಡಿಲವಿರಬಾರದು. ಟ್ರಿಗರ್ ಪರೀಕ್ಷಿಸಲು ಖಾಲಿ ಹೊಡೆಯಬಾರದು, ಹಾಗೆ ಮಾಡಿದರೆ ಪಿಸ್ಟನ್ ಸಿಲಿಂಡರಿನ ತುದಿಗೆ ಅಪ್ಪಳಿಸಿ ಗಾಳಿ ಸೋರದಂತೆ ತಡೆಯುವ ಸೀಲು ಹಾಳಾಗುತ್ತದೆ. ಒಂದು ಪೆಲೆಟ್ ಹಾಕಿ ಸುರಕ್ಷಿತ ಜಾಗದಲ್ಲಿ ಹೊಡೆಯಲು ಅನುಮತಿ ಕೇಳಿ. ಗುರಿ ನೋಡುವ ಹಿಂದಿನ ಕಿಂಡಿ, ಅಂದರೆ ಸೈಟ್, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೊಂದಿಸುವಂತಿರಬೇಕು. ದುರ್ಬೀನು ಬೇಕೆಂದರೆ ಏರ್ ರೈಫಲ್‌ಗೆಂದೇ ಮಾಡಿದ್ದನ್ನು ಮಾತ್ರ ಹಾಕಿ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ ಒದೆಯುವುದರಿಂದ ಸಾಧಾರಣ ದುರ್ಬೀನಿನ ಒಳಗಿನ ಗಾಜು ಕದಲುತ್ತದೆ. ಮೊದಲ ಆರು ತಿಂಗಳು ಬರೀ ಸೈಟ್‌ನಲ್ಲಿ ಕಲಿಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕೊಂಡ ರಸೀದಿಯನ್ನು ಜೋಪಾನವಾಗಿಡಿ, ಸಾಗಿಸುವಾಗ ರೈಫಲ್ ಚೀಲದಲ್ಲಿರಲಿ. ಬೈಕಿನ ಮೇಲೆ ಬಯಲಾಗಿ ಹೆಗಲಿಗೇರಿಸಿಕೊಂಡು ಹೊರಟರೆ ನೋಡುವವರಿಗೆ ಅದು ಏರ್ ರೈಫಲ್ಲೋ ಮದ್ದಿನ ಬಂದೂಕೋ ಗೊತ್ತಾಗುವುದಿಲ್ಲ.

ಉಳಿಸಿದ ದುಡ್ಡಿನಲ್ಲಿ ಎರಡು ಮೂರು ಬಗೆಯ ಪೆಲೆಟ್ ಡಬ್ಬಿ ಕೊಳ್ಳಿ. ಚಪ್ಪಟೆ ತಲೆಯ ಪೆಲೆಟ್ ಕಾಗದದಲ್ಲಿ ಗುಂಡನೆಯ ಸ್ವಚ್ಛ ತೂತು ಕೊರೆಯುವುದರಿಂದ ಅಂಕ ಎಣಿಸುವುದು ಸುಲಭ. ಪ್ರತಿ ಬಗೆಯದರಲ್ಲೂ ಐದೈದು ಹೊಡೆದು, ಒಂದು ರೂಪಾಯಿ ನಾಣ್ಯ ಇಟ್ಟರೆ ಐದೂ ತೂತು ಮುಚ್ಚುವಂಥದ್ದು ಯಾವುದೆಂದು ನೋಡಿ, ಅದನ್ನೇ ಮುಂದುವರಿಸಿ. ಹೊಡೆಯುವಾಗ ರೈಫಲನ್ನು ಬಿಗಿಯಾಗಿ ಅಮುಕದೆ, ಎಡ ಅಂಗೈಯ ಮೇಲೆ ಸುಮ್ಮನೆ ಕೂರಿಸಿ ಹಗುರವಾಗಿ ಹಿಡಿಯಬೇಕು, ಏಕೆಂದರೆ ಸ್ಪ್ರಿಂಗ್ ರೈಫಲ್ ಪ್ರತಿ ಸಲವೂ ಒಂದೇ ರೀತಿಯಲ್ಲಿ ಒದ್ದುಕೊಳ್ಳಲು ಬಿಟ್ಟಾಗಲೇ ಪೆಲೆಟ್‌ಗಳು ಒಂದೇ ಕಡೆ ಬೀಳುತ್ತವೆ. ಪೆಲೆಟ್ ಸೀಸದ್ದಾದ್ದರಿಂದ ಬಾಯಲ್ಲಿ ಕಚ್ಚಿಕೊಳ್ಳಬಾರದು, ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು.

ಜಾಗದ ವಿಷಯದಲ್ಲಿ ಸ್ವಲ್ಪವೂ ರಾಜಿ ಬೇಡ. ಗುರಿಯ ಹಿಂದೆ ಮರಳು ತುಂಬಿದ ಪೆಟ್ಟಿಗೆ, ಅದರ ಹಿಂದೆ ಎತ್ತರದ ಗೋಡೆ ಇರಲಿ. ಕಲ್ಲಿನ ಗೋಡೆಗೆ ನೇರವಾಗಿ ಹೊಡೆದರೆ ಸೀಸದ ಚೂರು ಮರಳಿ ಬರುತ್ತದೆ, ಹಾಗಾಗಿ ಹತ್ತಿರ ನಿಂತವರೆಲ್ಲ ಕನ್ನಡಕ ಹಾಕಿಕೊಳ್ಳಲಿ. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹಾರಬಲ್ಲದು ಎಂಬ ಕಾರಣಕ್ಕೆ ಮಾಳಿಗೆಯ ಮೇಲಿನಿಂದ ಹೊಡೆಯಲೇಬಾರದು. ಮಕ್ಕಳ ಕೈಗೆ ಕೊಟ್ಟರೆ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಹೊಲಕ್ಕೆ ಒಯ್ದವರು ಕಾಗದದ ಗುರಿ ಬಿಟ್ಟು ಹಕ್ಕಿಯತ್ತ ನಳಿಕೆ ತಿರುಗಿಸಬಾರದೆಂದು ಕೈಮುಗಿದು ಕೇಳುತ್ತೇನೆ. ಬಂಕಾಪುರದ ಕೋಟೆಯ ನವಿಲುಗಳೂ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಬಾತುಗಳೂ ನಮ್ಮ ನೆಲದ ಹೆಮ್ಮೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವಕ್ಕೆ ಹೊಡೆಯುವುದು ಅಪರಾಧ.

ಧಾರವಾಡದ ಮಳೆಗಾಲದಲ್ಲಿ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಹೊಡೆದಾದ ಮೇಲೆ ಬೆವರಿನ ಕೈ ತಾಗಿದ ಹೊರಮೈಯನ್ನು ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿಡಿ. ಹೊಲಿಗೆ ಯಂತ್ರದ ಎಣ್ಣೆಯನ್ನು ಮಾತ್ರ ಸಿಲಿಂಡರಿನೊಳಗೆ ಬಿಡಬೇಡಿ, ಗಾಳಿ ಒತ್ತಿದಾಗ ಹುಟ್ಟುವ ಬಿಸಿಗೆ ಅದು ಹೊತ್ತಿಕೊಂಡು ಸೀಲನ್ನೂ ಸ್ಪ್ರಿಂಗನ್ನೂ ಕೆಡಿಸುತ್ತದೆ.