ಒಂದೇ ಸಲ ಹಾಕಿ, ಎಲ್ಲ ಅಕೌಂಟಿಗೂ ಬರಲಿ: ಲಿನಕ್ಸ್‌ನಲ್ಲಿ ಬ್ರೌಸರ್ ಆಡ್-ಆನ್

ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಪಹಣಿ ತೆಗೆಸುವವರು, ಸ್ಕಾಲರ್‌ಶಿಪ್ ಅರ್ಜಿ ಹಾಕುವವರು, ರಿಸಲ್ಟ್ ನೋಡುವ ಮಕ್ಕಳು, ಎಲ್ಲರಿಗೂ ಇರುವುದು ಅದೇ ಒಂದೆರಡು ಕಂಪ್ಯೂಟರ್. ಹಾಲ್ ಟಿಕೆಟ್ ಹುಡುಕುತ್ತಾ ಯಾವುದೋ ಉದ್ಯೋಗ ಮಾಹಿತಿಯ ಸೈಟಿಗೆ ಹೋದರೆ ಪುಟದ ನಡುವೆಯೇ ದೊಡ್ಡ ಹಸಿರು 'ಡೌನ್‌ಲೋಡ್' ಬಟನ್ ಕಾಣುತ್ತದೆ. ಅದು ಜಾಹೀರಾತು. ನಿಜವಾದ ಲಿಂಕ್ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಇಂಥ ಬಟನ್ ಕಣ್ಣಿಗೇ ಬೀಳದ ಹಾಗೆ ಮಾಡಬೇಕು.

ಅದಕ್ಕೆ ಯುಬ್ಲಾಕ್ ಆರಿಜಿನ್ ಎಂಬ ಉಚಿತ ಆಡ್-ಆನ್ ಇದೆ, ಅಂದರೆ ಜಾಹೀರಾತು ತಡೆಯಲು ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ. ಬ್ರೌಸರ್ ಒಳಗಿಂದಲೇ ಹಾಕಿಕೊಳ್ಳಬಹುದು ಅಲ್ವಾ? ಹಾಕಬಹುದು. ಆದರೆ ಹಾಗೆ ಹಾಕಿದ್ದು ಆ ಒಂದು ಅಕೌಂಟಿಗೆ ಮಾತ್ರ ಬರುತ್ತದೆ. ಶಾಲೆಯ ಲ್ಯಾಬಿನಲ್ಲಿ 8, 9, 10ನೇ ತರಗತಿಗೆ ಬೇರೆ ಬೇರೆ ಅಕೌಂಟ್ ಇದ್ದರೆ ಪ್ರತಿಯೊಂದಕ್ಕೂ ಲಾಗಿನ್ ಆಗಿ ಹಾಕಬೇಕು. ಯಾರಾದರೂ ತೆಗೆದರೆ ಮತ್ತೆ ಹಾಕಬೇಕು. ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಹಾಕಲು, ತೆಗೆಯಲು ಇರುವ ಪ್ಯಾಕೇಜ್ ಮ್ಯಾನೇಜರ್‌ನಿಂದ ಹಾಕಿದರೆ ಒಂದೇ ಸಲಕ್ಕೆ ಎಲ್ಲರಿಗೂ ಬರುತ್ತದೆ, ಅಪ್‌ಡೇಟ್ ಕೂಡ ಸಿಸ್ಟಂ ಜೊತೆಗೇ ಆಗುತ್ತದೆ. ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು, ಮೇಡಂಗಳಿಗೆ ಇದರಿಂದ ಉಳಿಯುವ ಸಮಯ ಕಡಿಮೆಯೇನಲ್ಲ.

ಇಲ್ಲಿ ಹೇಳುವ ಕ್ರಮ ಡೆಬಿಯನ್ ಎಂಬ ಬಗೆಯ ಲಿನಕ್ಸ್‌ಗೆ, ಅದರ ಜೊತೆ ಬರುವ ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘಕಾಲ ಬೆಂಬಲ ಇರುವ ಫೈರ್‌ಫಾಕ್ಸ್) ಬ್ರೌಸರಿಗೆ. ಗೂಗಲ್ ತನ್ನ ಕ್ರೋಮ್‌ನಲ್ಲಿ ಹಳೆಯ ಮಾದರಿಯ ಆಡ್-ಆನ್‌ಗಳನ್ನು ನಿಲ್ಲಿಸಿದ್ದರಿಂದ ಯುಬ್ಲಾಕ್ ಆರಿಜಿನ್ ಈಗ ಅಲ್ಲಿ ನಡೆಯುವುದಿಲ್ಲ. ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಇದ್ದವರು ಒಂದು ವಿಷಯ ಗಮನಿಸಿ. 22.04 ಆವೃತ್ತಿಯಿಂದ ಅಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ, ಅಂದರೆ ಸಿಸ್ಟಂನಿಂದ ಪ್ರತ್ಯೇಕವಾಗಿ ಇರುವ ಪ್ಯಾಕೇಜ್ ಆಗಿ ಬರುತ್ತದೆ. ಸಿಸ್ಟಂಗೆ ಹಾಕಿದ ಆಡ್-ಆನ್ ಅದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಅವರು ಮೊಜಿಲ್ಲಾದ ಆಡ್-ಆನ್ ತಾಣದಿಂದಲೇ ಹಾಕಿಕೊಳ್ಳಲಿ.

ಮೊದಲ ಕೆಲಸ: ಮೆನುವಿನಲ್ಲಿ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ಹುಡುಕಿ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಎಡಗಡೆ ಮೇಲೆ ಇರುವ 'ರಿಲೋಡ್' ಒತ್ತಿ, ಪಟ್ಟಿ ಹೊಸದಾಗಲಿ. ಇದನ್ನು ಬಿಟ್ಟರೆ ಹಳೆಯ ಪಟ್ಟಿ ಹಿಡಿದು ಹುಡುಕಿ, ಫೈಲ್ ಸಿಗಲಿಲ್ಲ ಅಂತ ಎರರ್ ಬರುತ್ತದೆ.

ಆಮೇಲೆ 'ಸರ್ಚ್' ಒತ್ತಿ ಇಂಗ್ಲಿಷ್ ಅಕ್ಷರದಲ್ಲಿ ಯುಬ್ಲಾಕ್ (ublock) ಅಂತ ಟೈಪ್ ಮಾಡಿ. ಬಂದ ಪಟ್ಟಿಯಲ್ಲಿ 'ವೆಬ್‌ಎಕ್ಸ್‌ಟ್' (webext) ಅಂತ ಶುರುವಾಗಿ 'ಫೈರ್‌ಫಾಕ್ಸ್' ಅಂತ ಮುಗಿಯುವ ಹೆಸರು ನಿಮಗೆ ಬೇಕಾದದ್ದು. ಅದರ ಪಕ್ಕದ ಚೌಕದ ಮೇಲೆ ಕ್ಲಿಕ್ ಮಾಡಿ 'ಮಾರ್ಕ್ ಫಾರ್ ಇನ್‌ಸ್ಟಾಲೇಶನ್' ಆರಿಸಿ. ಇನ್ನೂ ಕೆಲವು ಪ್ಯಾಕೇಜ್ ಬೇಕು ಅಂತ ಕೇಳಿದರೆ ಒಪ್ಪಿಕೊಳ್ಳಿ. ಇದೇ ಹೊತ್ತಿನಲ್ಲಿ 'ಫೈರ್‌ಫಾಕ್ಸ್-ಇಎಸ್‌ಆರ್-ಎಲ್10ಎನ್-ಕೆಎನ್' (firefox-esr-l10n-kn) ಎಂಬುದನ್ನೂ ಹುಡುಕಿ ಗುರುತು ಹಾಕಿ ಅನ್ನುತ್ತೇನೆ. ಅದು ಬ್ರೌಸರಿನ ಕನ್ನಡ ಭಾಷೆಯ ಪ್ಯಾಕ್. ಮೆನು, ಬಟನ್ ಎಲ್ಲ ಕನ್ನಡದಲ್ಲಿ ಇದ್ದರೆ ಹಳ್ಳಿ ಶಾಲೆಯ ಮಕ್ಕಳಿಗೆ ಎಷ್ಟು ಧೈರ್ಯ ಬರುತ್ತದೆ! ಕೊನೆಗೆ 'ಅಪ್ಲೈ' ಒತ್ತಿ.

ಮುಗಿದ ಮೇಲೆ ಫೈರ್‌ಫಾಕ್ಸ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಆಡ್-ಆನ್‌ಗಳ ಪುಟ ಬರುತ್ತದೆ. ಯುಬ್ಲಾಕ್ ಆರಿಜಿನ್ ಅಲ್ಲಿ ಇರಬೇಕು. ಸ್ವಿಚ್ ಆಫ್ ಆಗಿದ್ದರೆ ಆನ್ ಮಾಡಿ. ಒಂದು ವಿಷಯ ಗಮನಕ್ಕೆ ಬರುತ್ತದೆ: ಇದಕ್ಕೆ 'ತೆಗೆದುಹಾಕು' ಎಂಬ ಆಯ್ಕೆಯೇ ಇಲ್ಲ. ಆಫ್ ಮಾಡಬಹುದು, ಕಿತ್ತುಹಾಕಲು ಸಿನಾಪ್ಟಿಕ್‌ಗೇ ಹೋಗಬೇಕು, ಅಂದರೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಲ್ಯಾಬಿಗೆ ಇದು ದೊಡ್ಡ ಅನುಕೂಲ. ಪ್ರೈವೇಟ್ ವಿಂಡೋದಲ್ಲೂ ಕೆಲಸ ಮಾಡಲಿ ಅಂದರೆ ಅದೇ ಪುಟದಲ್ಲಿ ಪ್ರತ್ಯೇಕವಾಗಿ ಅನುಮತಿ ಕೊಡಬೇಕು. ಕನ್ನಡಕ್ಕೆ ಬದಲಿಸಲು ಸೆಟ್ಟಿಂಗ್ಸ್‌ನ 'ಜನರಲ್' ವಿಭಾಗದಲ್ಲಿ 'ಲ್ಯಾಂಗ್ವೇಜ್' ನೋಡಿ.

ಯಾವುದಾದರೂ ಅರ್ಜಿ ಪುಟ ಅಥವಾ ಚಲನ್ ಕಟ್ಟುವ ಪುಟ ಅರ್ಧಕ್ಕೇ ನಿಂತರೆ ಗಾಬರಿ ಬೇಡ. ಮೇಲಿನ ಪಟ್ಟಿಯಲ್ಲಿ ಕೆಂಪು ಗುರಾಣಿಯ ಗುರುತು ಇರುತ್ತದೆ. ಕಾಣದಿದ್ದರೆ ಜಿಗ್ಸಾ ತುಂಡಿನ ಬಟನ್ ಒಳಗೆ ನೋಡಿ. ಆ ಗುರಾಣಿಯನ್ನು ಒತ್ತಿದರೆ ದೊಡ್ಡ ಪವರ್ ಬಟನ್ ಬರುತ್ತದೆ. ಅದನ್ನು ಆಫ್ ಮಾಡಿ ಪುಟ ರಿಲೋಡ್ ಮಾಡಿದರೆ ಆ ಒಂದು ಸೈಟಿಗೆ ಮಾತ್ರ ತಡೆ ಹೋಗುತ್ತದೆ.

ಹಳೆಯ ಮಾರ್ಗದರ್ಶಿಗಳಲ್ಲಿ ಫ್ಲ್ಯಾಶ್, ಜಾವಾ ಪ್ಲಗಿನ್ ಹಾಕಿ ಅಂತ ಇನ್ನೂ ಬರೆದಿರುತ್ತದೆ. ಜಾವಾದಂಥ ಪ್ಲಗಿನ್‌ಗಳನ್ನು ಫೈರ್‌ಫಾಕ್ಸ್ 2017ರಲ್ಲೇ ಕೈಬಿಟ್ಟಿತು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿತು. ಈಗ ಯಾವುದಾದರೂ ಪುಟ 'ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ' ಅಂದರೆ ಅದು ಮೋಸ. ಸುಮ್ನೆ ಮುಚ್ಚಿಬಿಡಿ.

ಲ್ಯಾಬಿನಲ್ಲಿ ನೆಟ್ ನಿಧಾನ ಇದ್ದರೆ ಪ್ರತಿ ಕಂಪ್ಯೂಟರಿನಲ್ಲೂ ಡೌನ್‌ಲೋಡ್ ಮಾಡಬೇಕಿಲ್ಲ. ಮೊದಲನೆಯದರಲ್ಲಿ ಸಿನಾಪ್ಟಿಕ್‌ನ ಪ್ರಿಫರೆನ್ಸಸ್, ಫೈಲ್ಸ್ ಟ್ಯಾಬಿಗೆ ಹೋಗಿ, ಇಳಿಸಿದ ಪ್ಯಾಕೇಜ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆಗೆ ಗುರುತು ಬಿದ್ದಿದೆಯೇ ನೋಡಿ, ಇಲ್ಲದಿದ್ದರೆ ಹಾಕಿ. ಆಮೇಲೆ ಇನ್‌ಸ್ಟಾಲ್ ಮಾಡಿ. ಫೈಲ್‌ಗಳು 'ವಾರ್' ಫೋಲ್ಡರಿನ 'ಕ್ಯಾಶ್', ಅದರೊಳಗಿನ 'ಆಪ್ಟ್', ಅದರೊಳಗಿನ 'ಆರ್ಕೈವ್ಸ್'ನಲ್ಲಿ (/var/cache/apt/archives) ಸಿಗುತ್ತವೆ. ಪೆನ್ ಡ್ರೈವಿಗೆ ಹಾಕಿಕೊಂಡು ಬೇರೆ ಕಂಪ್ಯೂಟರಿನ ಸಿನಾಪ್ಟಿಕ್‌ನಲ್ಲಿ ಫೈಲ್ ಮೆನುವಿನ 'ಆಡ್ ಡೌನ್‌ಲೋಡೆಡ್ ಪ್ಯಾಕೇಜಸ್' ಮೂಲಕ ಸೇರಿಸಿ. ಎಲ್ಲದರಲ್ಲೂ ಒಂದೇ ಡೆಬಿಯನ್ ಆವೃತ್ತಿ ಇರಬೇಕು.

ಇನ್ನು ಕರೆಂಟ್. ಇನ್‌ಸ್ಟಾಲ್ ಆಗುವಾಗಲೇ ಹೋಗಿಬಿಟ್ಟರೆ ಮುಂದಿನ ಸಲ ಸಿನಾಪ್ಟಿಕ್ ತೆರೆದಾಗ ಪ್ಯಾಕೇಜ್ ಹಾಕುವ 'ಡಿಪಿಕೆಜಿ' ಎಂಬ ಪ್ರೋಗ್ರಾಂ ಅರ್ಧಕ್ಕೆ ನಿಂತಿದೆ ಅಂತ ಹೇಳಿ, ಯಾವ ಕಮಾಂಡ್ ಕೊಡಬೇಕು ಅನ್ನುವುದನ್ನೂ ಅಲ್ಲೇ ತೋರಿಸುತ್ತದೆ. ಸಿನಾಪ್ಟಿಕ್ ಮುಚ್ಚಿ, ಟರ್ಮಿನಲ್‌ನಲ್ಲಿ ಆ ಸಾಲನ್ನು ಅಡ್ಮಿನ್ ಆಗಿ ಹಾಗೇ ಟೈಪ್ ಮಾಡಿ ಎಂಟರ್ ಒತ್ತಿ. ನಿಂತ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ.